ಬಯಲಿಗೆ ಬಂದ ಜಂಕೋ

ಜನವರಿ. ನೆವಾಡಾ ರಾಜ್ಯದ ರೀನೋ ಊರು. ಮಗಳ ಮನೆಯ ಅಡುಗೆಮನೆ ಕಿಟಕಿಯೇ ಈ ಚಳಿಗಾಲಕ್ಕೆ ನನ್ನ ಮರೆ. ಗಾಜಿನಾಚೆ ಬಲಗಡೆ ಒಂದು ದಟ್ಟ ಜೂನಿಪರ್ ಪೊದೆ, ಅದರ ಬುಡದಲ್ಲಿ ಹಿಮ ಕೂರದ ಎರಡು ಮೊಳ ಒಣನೆಲ. ಎಡಗಡೆ, ಆರೇಳು ಮಾರು ಬಯಲು ದಾಟಿದರೆ, ಹಲಗೆ ಹಾಸಿದ ಜಗಲಿ. ಎರಡೂ ಕಡೆ ಕಾಳು ಚೆಲ್ಲಿದ್ದೇನೆ. ಪೊದೆಯ ಬುಡದಲ್ಲಿ ಚಿಟಿಕೆಯಷ್ಟು, ಜಗಲಿಯ ಮೇಲೆ ಬೊಗಸೆಯಷ್ಟು. ಹಕ್ಕಿಕಾಳು ಎಂದು ಅಂಗಡಿಯವರು ಕೊಟ್ಟ ಪೊಟ್ಟಣ ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ನಮ್ಮ ಬರಗು.

ಬರುವವು ಜಂಕೋಗಳು. ಗುಬ್ಬಿಯಷ್ಟು ಗಾತ್ರ, ಇಪ್ಪತ್ತು ಗ್ರಾಂ ಆಸುಪಾಸಿನ ತೂಕ. ತಲೆಗೆ ಕಪ್ಪು ಮುಸುಕು, ನಸುಗೆಂಪು ಕೊಕ್ಕು. ಹಾರುವಾಗ ಬಾಲದ ಅಂಚಿನ ಬಿಳಿಗರಿಗಳು ಕತ್ತರಿಯ ಹಾಗೆ ತೆರೆದು ಮುಚ್ಚುತ್ತವೆ. ಎರಡೂ ಕಾಲನ್ನು ಒಟ್ಟಿಗೆ ಹಿಂದಕ್ಕೆ ಕೆದರಿ, ಕೆಳಗಿನ ಕಾಳನ್ನು ಹೆಕ್ಕುವುದು ಇವುಗಳ ಪದ್ಧತಿ. ಹತ್ತು ದಿನದ ಟಿಪ್ಪಣಿಯಲ್ಲಿ ಒಂದು ಮಾತು ಮತ್ತೆ ಮತ್ತೆ ಬಂದಿದೆ: ಬಿಸಿಲಿರುವ ದಿನ ಇವು ಪೊದೆಯ ಬುಡ ಬಿಡುವುದಿಲ್ಲ. ಕಾರಣವನ್ನೂ ಕಣ್ಣಾರೆ ನೋಡಿದ್ದೇನೆ. ಕೂಪರ್ ಗಿಡುಗವೊಂದು, ನಮ್ಮ ಶಿಕ್ರಾದ ದಾಯಾದಿ, ಬೇಲಿಯ ಮೇಲಿಂದ ಜಾರಿ ಬಂದು ಜಗಲಿಯ ಮೇಲಿದ್ದ ಜಂಕೋವನ್ನು ಎತ್ತಿಕೊಂಡು ಹೋಯಿತು. ಉಳಿದದ್ದು ಎರಡು ಬಿಳಿಗರಿ.

ಆ ಸಂಜೆ ಅಳಿಯ ಕೇಳಿದ. “ಮಾವ, ಕಿಟಕಿ ಹತ್ರ ಕೂತು ಕೂತು ನಿಮಗೆ ಬೇಜಾರಾಗಲ್ವಾ? ಬನ್ನಿ, ಒಂದಿನ ಪೋಕರ್ ಆಡೋಣ. ಅರವತ್ತು ಡಾಲರ್ ಕಟ್ಟಿದ್ರೆ ನಾಲ್ಕು ಗಂಟೆ ಕೂರಬಹುದು.”

ನಾಲ್ಕು ಗಂಟೆ ಒಂದೇ ಕಡೆ ಕೂರುವುದು ನನ್ನ ಕಸುಬೇ. ಹೊರಟೆ. “ಅಪ್ಪ, ಅಲ್ಲಿಗೂ ನೋಟ್‌ಬುಕ್ಕಾ?” ಎಂದಳು ಮಗಳು.

ಮೊದಲ ಸಂಜೆ

ನೆವಾಡಾದಲ್ಲಿ ಜೂಜು 1931ರಿಂದ ಕಾನೂನುಬದ್ಧ. ರೀನೋ ಪೇಟೆಯ ನಡುವೆ ಟ್ರಕೀ ನದಿ ಹರಿಯುತ್ತದೆ. ಟಾಹೋ ಸರೋವರದಲ್ಲಿ ಹುಟ್ಟಿ, ಸಮುದ್ರದ ಮುಖವನ್ನೇ ನೋಡದೆ, ಮರುಭೂಮಿಯ ಪಿರಮಿಡ್ ಸರೋವರದಲ್ಲಿ ಮುಗಿದುಹೋಗುವ ನದಿ. ಅದರ ದಡದಿಂದ ನಾಲ್ಕು ಹೆಜ್ಜೆಗೆ ಕ್ಯಾಸಿನೋಗಳು. ಒಳಗೆ ಕಿಟಕಿಯಿಲ್ಲ, ಗಡಿಯಾರವಿಲ್ಲ. ಮೂಲೆಯಲ್ಲಿ ಮೂರು ಮೇಜು, 27 ಜನ.

ಇಸ್ಪೀಟು ನನಗೆ ಹೊಸದಲ್ಲ. ಮದುವೆಮನೆಯ ಜಮಖಾನದ ಮೇಲೆ ರಮ್ಮಿ ಆಡಿದ್ದೇನೆ, ಜಾತ್ರೆಯಲ್ಲಿ ಅಂದರ್-ಬಾಹರ್ ಆಡುವವರ ಹಿಂದೆ ನಿಂತು ಪೆಟ್ಟು ತಿಂದಿದ್ದೇನೆ. ಇಲ್ಲಿನ ಆಟ ಟೆಕ್ಸಾಸ್ ಹೋಲ್ಡೆಮ್. ಒಬ್ಬೊಬ್ಬರಿಗೆ ಎರಡು ಮುಚ್ಚಿದ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ನಡುನಡುವೆ ಬಿಲ್ಲೆ ಕಟ್ಟುತ್ತ ಹೋಗಬೇಕು. ಸರದಿಯ ಪ್ರಕಾರ ಇಬ್ಬರು ಎಲೆ ನೋಡುವ ಮೊದಲೇ ಕಟ್ಟಬೇಕಾದ ಬಿಲ್ಲೆಗೆ ಬ್ಲೈಂಡು ಎಂದು ಹೆಸರು. ಅದರ ಮೇಲೆ ಇಡೀ ಮೇಜಿನ ಪರವಾಗಿ ಆಂಟಿ ಎಂಬ ಇನ್ನೊಂದು ಸುಂಕ. ನಮ್ಮ ಕಡೆಯ ಆಂಟಿಯರಿಗೂ ಇದಕ್ಕೂ ಸಂಬಂಧವಿಲ್ಲ. ಶುರುವಿಗೆ ಎಲ್ಲರಿಗೂ 10,000 ಬಿಲ್ಲೆ. ಇಪ್ಪತ್ತು ನಿಮಿಷಕ್ಕೊಮ್ಮೆ ಬ್ಲೈಂಡು ಏರುತ್ತದೆ. ಬಿಲ್ಲೆ ಮುಗಿದವರು ಎದ್ದು ಹೋಗಬೇಕು. ಕೊನೆಯ ನಾಲ್ವರಿಗೆ ಹಣ.

ಹಕ್ಕಿಯ ಹೆಸರು ಗೊತ್ತಾಗುವ ಮೊದಲು ಗುರುತು ಬೇಕು. ನನ್ನ ಮೇಜಿನವರಿಗೆ ಹಾಗೇ ಗುರುತು ಹಾಕಿಕೊಂಡೆ. ಮೂರನೇ ಕುರ್ಚಿ ಬೆಳ್ಳಿಬಳೆ: ಎಪ್ಪತ್ತು ದಾಟಿದ ಹೆಂಗಸು, ಕೈತುಂಬ ತೆಳು ಬಳೆ, ಬಿಲ್ಲೆ ತಳ್ಳುವಾಗ ಸದ್ದು. ಐದನೇ ಕುರ್ಚಿ ಉಣ್ಣೆಟೋಪಿ: ಒಳಗೆ ಸೆಖೆಯಾದರೂ ಟೋಪಿ ತೆಗೆಯದ ನಿವೃತ್ತ ಲಾರಿ ಚಾಲಕ. ಎಂಟನೆಯದು ಕಾಫಿಲೋಟ.

ಆಟ ಬಿಟ್ಟು ಆಟಗಾರರನ್ನು ನೋಡಿದೆ. ವಿರಾಮ ಸಿಕ್ಕಾಗಲೆಲ್ಲ ಗೋಡೆಗೆ ಒರಗಿ ಎರಡು ಕಾಲಂ ಎಳೆದು ಗೆರೆ ಹಾಕಿದೆ. “ಕಾಲ್” ಎಂಬ ಕಾಲಂ, ಎಂದರೆ ಎದುರಿನವರು ಕಟ್ಟಿದಷ್ಟನ್ನೇ ಕಟ್ಟಿ ಜೊತೆಗೆ ಸೇರಿಕೊಳ್ಳುವುದು, ಐದೈದರ ಕಟ್ಟುಗಳಾಗಿ ಮುಂದಿನ ಪುಟಕ್ಕೆ ಹರಿಯಿತು. “ರೈಸ್” ಎಂಬ ಕಾಲಂ, ಎಂದರೆ ಏರಿಸಿ ಕಟ್ಟುವುದು, ಒಂದು ಕಟ್ಟನ್ನೂ ದಾಟಲಿಲ್ಲ. ಒಬ್ಬರು ಕಟ್ಟಿದರೆ ಹಿಂದೆಯೇ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಐದಾರು ಮಂದಿ ಸೇರಿಕೊಂಡು ನಡುವಿನ ಮೂರು ಎಲೆ ನೋಡುತ್ತಾರೆ. ಯಾರೂ ಯಾರನ್ನೂ ಹೆದರಿಸುವುದಿಲ್ಲ. ಯಾರೂ ಹೆದರುವುದೂ ಇಲ್ಲ. ಈ ಎರಡನೆಯದನ್ನು ನಾನು ಅವತ್ತೇ ಬರೆದುಕೊಂಡಿದ್ದರೆ ಅರವತ್ತು ಡಾಲರ್ ಉಳಿಯುತ್ತಿತ್ತು.

ಎರಡು ಗಂಟೆಯಾಗುವಷ್ಟರಲ್ಲಿ ನನ್ನ ರಾಶಿ ಕರಗಿ ಸಣ್ಣದಾಗಿತ್ತು. ಕೈಯಲ್ಲಿ ಏಳು, ಆರು. ಪುಸ್ತಕದಲ್ಲಿ ಓದಿದ್ದ ಧೈರ್ಯದಿಂದ ಎಲ್ಲವನ್ನೂ ನಡುವೆ ತಳ್ಳಿದೆ. ಆಲ್-ಇನ್. ಇಷ್ಟು ದೊಡ್ಡ ಸದ್ದಿಗೆ ಇವರು ಎಲೆ ಬಿಸಾಕುತ್ತಾರೆ ಎಂದು ನನ್ನ ಎಣಿಕೆ. ಬೆಳ್ಳಿಬಳೆ ಒಮ್ಮೆ ನನ್ನನ್ನು ನೋಡಿ, “ಏನಿದೆ ನೋಡೇಬಿಡೋಣ” ಎಂದು ಕಾಲ್ ಮಾಡಿದರು. ಅವರ ಕೈಯಲ್ಲಿ ಹತ್ತರ ಜೋಡಿ. ಜೋಡಿಯೆದುರು ನನ್ನಂಥ ಕೈ ಗೆಲ್ಲುವುದು ನೂರಕ್ಕೆ ಇಪ್ಪತ್ತರ ಆಸುಪಾಸು. ಗೆಲ್ಲಲಿಲ್ಲ.

ನಾಗರ ಹಾವು ಹೆಡೆ ಬಿಚ್ಚಿದರೆ ನಾಯಿ ಹಿಂದೆ ಸರಿಯುತ್ತದೆ. ಎತ್ತಿನ ಗಾಡಿಯ ಚಕ್ರ ಸರಿಯುವುದಿಲ್ಲ. ಆ ಮೇಜಿನ ಮೇಲೆ ನಾನು ಚಕ್ರದೆದುರು ಹೆಡೆ ಬಿಚ್ಚಿದ್ದೆ.

ಎರಡನೇ ಸಂಜೆ

ಈ ಸಲ ತಾಳ್ಮೆ. ನಮ್ಮ ಗದ್ದೆಯ ಕೊಕ್ಕರೆಯನ್ನು ನೆನೆದು ಕೂತೆ. ಒಳ್ಳೆಯ ಎಲೆ ಬರುವ ತನಕ ಎಲ್ಲವನ್ನೂ ಬಿಸಾಕುವುದು.

ಎಲೆ ಬರಲಿಲ್ಲ. ಐವತ್ತೆರಡು ಎಲೆಯಿಂದ ಎರಡೆಲೆಯ ಕೈ 1326 ಬಗೆಯಲ್ಲಿ ಆಗುತ್ತದೆ. ಅದರಲ್ಲಿ ಜೋಡಿಗಳು 78, ಎಂದರೆ ಸರಾಸರಿ ಹದಿನೇಳು ಕೈಗೆ ಒಂದು. ಎಕ್ಕದ ಜೋಡಿ 221 ಕೈಗೆ ಒಂದು. ಇತ್ತ ಬ್ಲೈಂಡು ತನ್ನ ಪಾಡಿಗೆ ತಿನ್ನುತ್ತಿರುತ್ತದೆ. ಅದನ್ನು ಅಳೆಯಲು ಒಂದು ಮಾಪನವಿದೆ. ಗಣಿತಜ್ಞ, ಬ್ಯಾಕ್‌ಗ್ಯಾಮನ್ ಪಂಡಿತ ಪಾಲ್ ಮ್ಯಾಗ್ರಿಯೆಲ್ ಹೆಸರಿನಿಂದ ಅದಕ್ಕೆ “ಎಂ” ಎನ್ನುತ್ತಾರೆ. ಅದನ್ನು ಜನಪ್ರಿಯ ಮಾಡಿದ್ದು 1995ರ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯ ಗೆದ್ದ ಡ್ಯಾನ್ ಹ್ಯಾರಿಂಗ್ಟನ್ ಬರೆದ ಪುಸ್ತಕಗಳು. ಲೆಕ್ಕ ಸರಳ: ಎರಡು ಬ್ಲೈಂಡು ಮತ್ತು ಆಂಟಿಯನ್ನು ಕೂಡಿಸಿ, ನಿಮ್ಮ ರಾಶಿಯನ್ನು ಅದರಿಂದ ಭಾಗಿಸಿ. ಒಂದು ಎಲೆಯನ್ನೂ ಆಡದೆ ಎಷ್ಟು ಸುತ್ತು ಬದುಕಬಹುದು ಎಂಬುದು ಉತ್ತರ.

ನನ್ನ ಬಳಿ 4,000 ಉಳಿದಿತ್ತು. ಬ್ಲೈಂಡು 200, 400; ಆಂಟಿ 400. ಸುತ್ತಿಗೆ ಸಾವಿರ. ಎಂ ನಾಲ್ಕು. ಒಂಬತ್ತು ಜನರ ಮೇಜಿನಲ್ಲಿ ನಾಲ್ಕು ಸುತ್ತೆಂದರೆ 36 ಕೈ, ಎರಡು ಜೋಡಿಯಾದರೂ ಬರಬೇಕು ಎಂದುಕೊಂಡೆ. ಆದರೆ ಇಪ್ಪತ್ತು ನಿಮಿಷದಲ್ಲಿ ಡೀಲರ್ ಹಂಚುವುದೇ ಹತ್ತು ಕೈ ಚಿಲ್ಲರೆ. ಎಂದರೆ ಹೆಚ್ಚುಕಡಿಮೆ ಸುತ್ತಿಗೊಮ್ಮೆ ಸುಂಕ ಏರುತ್ತದೆ. ಈ ಸುತ್ತಿಗೆ 1,000, ಮುಂದಿನದಕ್ಕೆ 1,500, ಅದರ ಮುಂದಿನದಕ್ಕೆ 2,000. ಕಾಗದದ ಮೇಲಿನ ನಾಲ್ಕು ಸುತ್ತು ಮೇಜಿನ ಮೇಲೆ ಮೂರೂ ತುಂಬುವುದಿಲ್ಲ. ನಾನು ಕೊಕ್ಕರೆಯಂತೆ ನಿಂತೇ ಇದ್ದೆ. ನೀರು ಬತ್ತಿತು. ಕೊನೆಯ ಒಂದೂವರೆ ಬ್ಲೈಂಡಿಗೆ ಗುಲಾಮ-ನಾಲ್ಕನ್ನು ತಳ್ಳಿದಾಗ ಮೂವರು ಒಟ್ಟಿಗೆ ಕಾಲ್ ಮಾಡಿದರು. ಎದ್ದು ಬಂದೆ.

ದಾರಿಯಲ್ಲಿ ಅಳಿಯ ಸಮಾಧಾನಕ್ಕೆ ಜ್ಯಾಕ್ ಸ್ಟ್ರೌಸ್ ಕಥೆ ಹೇಳಿದ. 1982ರ ವಿಶ್ವ ಸರಣಿಯಲ್ಲಿ ಎಲ್ಲ ಕಳೆದುಕೊಂಡೆ ಎಂದು ಎದ್ದವನಿಗೆ ಒಂದೇ ಒಂದು ಬಿಲ್ಲೆ ಉಳಿದಿರುವುದು ಕಂಡಿತಂತೆ. ಅದರಿಂದಲೇ ಏರಿ ಪಂದ್ಯ ಗೆದ್ದ. ಕುರ್ಚಿ ಒಂದು, ಬಿಲ್ಲೆ ಒಂದು ಇದ್ದರೆ ಸಾಕು ಎಂಬ ಗಾದೆ ಪೋಕರ್ ಮಂದಿಯ ಬಾಯಲ್ಲಿ ಈಗಲೂ ಇದೆ. ಹಕ್ಕಿ ನೋಡುವವನಿಗೆ ಇಂಥ ಕಥೆಯ ಬಗ್ಗೆ ಸ್ವಲ್ಪ ಗುಮಾನಿ. ವಸಂತಕ್ಕೆ ಹಾಡುವ ಹಕ್ಕಿಯನ್ನು ಎಣಿಸುತ್ತೇವೆ. ಶಿಶಿರದಲ್ಲಿ ಪೊದೆಯೊಳಗೆ ಉದುರಿದವು ಲೆಕ್ಕಕ್ಕೆ ಸಿಗುವುದಿಲ್ಲ.

ನಡುವಿನ ದಿನಗಳು

ಮತ್ತೆ ಕಿಟಕಿ. ಈ ಹಕ್ಕಿಗಳ ದಾಯಾದಿಗಳ ಮೇಲೆ ನಡೆದ ಒಂದು ಹಳೆಯ ಪ್ರಯೋಗ ನೆನಪಾಯಿತು, ಪಾಠ ಮಾಡುತ್ತಿದ್ದ ಕಾಲದಲ್ಲಿ ಓದಿದ್ದು. ಥಾಮಸ್ ಕರಾಕೊ ಮತ್ತು ಜೊತೆಗಾರರು 1980ರಲ್ಲಿ ಹಳದಿಗಣ್ಣಿನ ಜಂಕೋಗಳ ಮುಂದೆ ಎರಡು ಆಯ್ಕೆ ಇಟ್ಟರು. ಒಂದು ಕಡೆ ಹೋದರೆ ಪ್ರತಿ ಸಲವೂ ಅಷ್ಟೇ ಕಾಳು, ಖಾತ್ರಿ. ಇನ್ನೊಂದು ಕಡೆ ಒಮ್ಮೆ ಏನೂ ಇಲ್ಲ, ಒಮ್ಮೆ ಎರಡು ಪಟ್ಟು. ಸರಾಸರಿ ಎರಡೂ ಒಂದೇ. ದಿನದ ಗಳಿಕೆ ದಿನದ ಖರ್ಚಿಗೆ ಸಾಲುತ್ತಿದ್ದಾಗ ಹಕ್ಕಿಗಳು ಖಾತ್ರಿಯ ಕಡೆ ಹೋದವು. ಸಾಲದಿದ್ದಾಗ ಜೂಜಿನ ಕಡೆ ಹೋದವು. 1990ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಬರೀ ಚಳಿಯನ್ನು ಬದಲಿಸಿ ನೋಡಿದರು. 19 ಡಿಗ್ರಿಯಲ್ಲಿ ಖಾತ್ರಿ ಬೇಕೆಂದ ಹಕ್ಕಿ 1 ಡಿಗ್ರಿಯಲ್ಲಿ ಜೂಜಿಗೆ ಒಲಿಯಿತು.

ಇದರಲ್ಲಿ ಹುಚ್ಚು ಧೈರ್ಯವೇನೂ ಇಲ್ಲ. ಇಪ್ಪತ್ತು ಗ್ರಾಂ ಜೀವ ರಾತ್ರಿಯಿಡೀ ಕೊಬ್ಬು ಉರಿಸಿ ಬೆಚ್ಚಗಿರಬೇಕು. ಸಂಜೆಯ ಕೊಬ್ಬು ಬೆಳಗಿನ ತನಕ ಸಾಲದು ಎಂದಾದರೆ, ಖಾತ್ರಿಯ ಕಾಳು ಖಾತ್ರಿಯ ಸಾವು. ಕೂತಲ್ಲೇ ಕೂರುವುದಕ್ಕೂ ಬೆಲೆಯಿದೆ, ಆ ಬೆಲೆಯನ್ನು ಚಳಿ ವಸೂಲಿ ಮಾಡುತ್ತದೆ.

ಇದನ್ನೆಲ್ಲ ನೆನೆದಾಗ ನನ್ನ ಎರಡು ಸಂಜೆಯ ತಪ್ಪೂ ಎದುರಿಗೆ ನಿಂತವು. ಎರಡನೆಯ ದಿನ ಚಳಿ ಏರುತ್ತಿದ್ದರೂ ಪೊದೆಯ ಬುಡದಲ್ಲೇ ಕೂತಿದ್ದೆ. ಮೊದಲನೆಯ ದಿನ ಬಯಲಿಗೇನೋ ಹೋದೆ, ಕಾಳಿಲ್ಲದ ಕಡೆ ಹೋದೆ. ಜೂಜಾಡುವ ಜಂಕೋ ಬರಿಗೈ ಜೂಜಾಡುವುದಿಲ್ಲ. ಸಿಕ್ಕರೆ ಎರಡು ಪಟ್ಟು ಸಿಗುವ ಕಡೆಗೇ ಹಾರುತ್ತದೆ.

ಮೂರನೇ ಸಂಜೆ

ಅದೇ ಮೇಜಿನ ಜಾತಿ, ಅದೇ ಹಿಂಡು. ಬೆಳ್ಳಿಬಳೆ ನನ್ನನ್ನು ನೋಡಿ ನಕ್ಕರು.

ಮೊದಲ ಗಂಟೆ ಬಿಸಿಲು. ರಾಶಿ ತುಂಬಿದೆ, ಸುಂಕ ಕಡಿಮೆ. ಯಾರೂ ಏರಿಸದ ಮೇಜಿನಲ್ಲಿ ಸಣ್ಣ ಜೋಡಿ ಹಿಡಿದು ಅಗ್ಗಕ್ಕೆ ಮೂರೆಲೆ ನೋಡಬಹುದು. ಹೊಂದಿದರೆ ಕಟ್ಟು, ಇಲ್ಲವಾದರೆ ಬಿಡು. ಹೊಂದಿದಾಗ ನಾಟಕವೂ ಬೇಕಿಲ್ಲ. ಕಾಲ್ ಮಾಡುವುದೇ ಸ್ವಭಾವವಾದವರು ನಿಮ್ಮ ಒಳ್ಳೆಯ ಎಲೆಗೂ ಕಾಲ್ ಮಾಡುತ್ತಾರೆ. ಹೆದರದ ಎದುರಾಳಿಯ ಒಂದು ತೊಂದರೆಯೂ ಒಂದು ಉಪಕಾರವೂ ಅದೇ.

ಇನ್ನೊಂದು ಟಿಪ್ಪಣಿ ಉಣ್ಣೆಟೋಪಿಯದು. ಒಂದೂವರೆ ಗಂಟೆ ಒಮ್ಮೆಯೂ ಏರಿಸದ ಆಸಾಮಿ ಇದ್ದಕ್ಕಿದ್ದಂತೆ ಟೋಪಿ ಹಿಂದಕ್ಕೆ ತಳ್ಳಿ ಮೂರು ಪಟ್ಟು ಏರಿಸಿದರು. ನನ್ನ ಕೈಯಲ್ಲಿ ಎಕ್ಕ-ಗುಲಾಮ. ಬೇರೆ ಮೇಜಾಗಿದ್ದರೆ ಆಡುವ ಕೈ. ಬಿಸಾಕಿದೆ. ಕಾಫಿಲೋಟ ಬಿಡಲಿಲ್ಲ. ಕೊನೆಗೆ ಟೋಪಿಯವರು ತೆರೆದದ್ದು ಎರಡು ರಾಜ. ಕಾಡಿನಲ್ಲಿ ಯಾವಾಗಲೂ ಕೂಗುವ ಹಕ್ಕಿಯ ಕೂಗಿಗೆ ಯಾರೂ ತಲೆಯೆತ್ತುವುದಿಲ್ಲ. ಕೂಗದ ಹಕ್ಕಿ ಕೂಗಿದರೆ ಹುಲಿ ಎಲ್ಲಿದೆ ಎಂದು ನೋಡಬೇಕು.

ಎರಡನೇ ಗಂಟೆಗೆ ಚಳಿ ಶುರು. ನನ್ನ ಬಳಿ ಮತ್ತೆ 4,000, ಹತ್ತು ದೊಡ್ಡ ಬ್ಲೈಂಡು. ಇಲ್ಲಿಂದ ಮುಂದೆ ಸಣ್ಣಪುಟ್ಟ ಕಟ್ಟುವಿಕೆಗೆ ಅರ್ಥವಿಲ್ಲ. ಬಿಡಬೇಕು, ಇಲ್ಲವೇ ಪೂರ್ತಿ ತಳ್ಳಬೇಕು. ಬೆಳ್ಳಿಬಳೆ 400 ಕಟ್ಟಿ ಸೇರಿಕೊಂಡರು, ಉಣ್ಣೆಟೋಪಿಯೂ. ನನ್ನ ಸರದಿ ಕೊನೆಯ ಕಡೆಗಿತ್ತು. ನನಗೆ ಎಂಟರ ಜೋಡಿ.

ಬ್ಲೈಂಡು, ಆಂಟಿ, ಅವರಿಬ್ಬರ ಬಿಲ್ಲೆ ಸೇರಿ ನಡುವೆ ಆಗಲೇ 1,800 ಇದೆ. ಎಲ್ಲರೂ ಬಿಟ್ಟರೆ ನನ್ನ ರಾಶಿಯ ಹತ್ತಿರ ಹತ್ತಿರ ಅರ್ಧದಷ್ಟು ಸುಮ್ಮನೆ ಸಿಕ್ಕಂತೆ. ಆದರೆ ಇವರು ಬಿಡುವವರಲ್ಲ, ಅದನ್ನು ಮೊದಲ ಸಂಜೆಯೇ ಹಣ ಕೊಟ್ಟು ಕಲಿತಿದ್ದೇನೆ. ಹಾಗಾದರೆ ಬಿಡುವುದೇ ಇಲ್ಲ ಎಂದು ಇಟ್ಟುಕೊಂಡು ಲೆಕ್ಕ ಹಾಕಬೇಕು. ಇಬ್ಬರಲ್ಲಿ ಒಬ್ಬರು ಕಾಲ್ ಮಾಡಿದರೆ ನಡುವೆ ಒಟ್ಟು 9,400. ಅದಕ್ಕೆ ನಾನು ಹಾಕುವುದು 4,000. ನೂರಕ್ಕೆ ಸುಮಾರು 43 ಸಲ ಗೆದ್ದರೆ ನಷ್ಟವಿಲ್ಲ. ಮೊನ್ನೆಯ ಏಳು-ಆರಕ್ಕೆ ಅಷ್ಟು ತ್ರಾಣವಿರಲಿಲ್ಲ, ಅದು ಬದುಕಬೇಕಾದರೆ ಎದುರಿನವರು ಹೆದರಲೇಬೇಕಿತ್ತು. ಎಂಟರ ಜೋಡಿಗೆ ಯಾರೂ ಹೆದರಬೇಕಾಗಿಲ್ಲ.

ತಳ್ಳಿದೆ. ಬಳೆ ಸದ್ದಾಯಿತು. ಅವರದು ಎಕ್ಕ-ಆರು. ನನ್ನ ಪಾಲಿಗೆ ನೂರಕ್ಕೆ ಸುಮಾರು ಎಪ್ಪತ್ತು. ಐದು ಎಲೆ ಬಿದ್ದವು, ಎಕ್ಕ ಬರಲಿಲ್ಲ. ಒಂದು ರಾತ್ರಿ ಕಳೆಯಿತು.

ವಿರಾಮದಲ್ಲಿ ಅವರು ಕಾಫಿ ಹಿಡಿದು ನನ್ನ ಪಕ್ಕ ಬಂದು ನಿಂತರು. ನೋಟ್‌ಬುಕ್ ನೋಡಿ, “ನಮ್ಮ ಬಗ್ಗೆ ಬರೀತಿದ್ದೀರಾ?” ಎಂದರು. ಹಕ್ಕಿಯ ಬಗ್ಗೆ ಎಂದೆ, ಪೂರ್ತಿ ಸುಳ್ಳೂ ಅಲ್ಲ. ಧೈರ್ಯ ಮಾಡಿ ಕೇಳಿದೆ: ಎಕ್ಕ-ಆರಕ್ಕೆ ಅಷ್ಟು ಬಿಲ್ಲೆ ಯಾಕೆ ಕಟ್ಟಿದಿರಿ?

ಅವರು ಯೋಚಿಸಲೇ ಇಲ್ಲ. “ಎಲೆ ಬಿಸಾಕಿದರೆ ನಿಮ್ಮ ಹತ್ರ ಏನಿತ್ತು ಅಂತ ನನಗೆ ಗೊತ್ತಾಗ್ತಿರಲಿಲ್ಲವಲ್ಲ. ಗೊತ್ತಾಗದೆ ಇರೋಕೆ ನಾನು ಮನೆಯಲ್ಲೇ ಕೂರಬಹುದಿತ್ತು. ಅಲ್ಲಿ ಸಂಜೆಗೇ ಕತ್ತಲು, ಮಾತಿಗೆ ಟೀವಿ.”

ಇದನ್ನು ಬರೆದುಕೊಳ್ಳಲು ಹೊಸ ಪುಟ ತಿರುಗಿಸಿದೆ. ಪ್ರಾಣಿಯ ಆಯ್ಕೆಯನ್ನು ಲೆಕ್ಕ ಹಾಕುವವರು ಮೊದಲು ಕೇಳುವ ಪ್ರಶ್ನೆ, ಇದು ಕೂಡಿಡುತ್ತಿರುವ ನಾಣ್ಯ ಯಾವುದು ಎಂದು. ಒಂದಕ್ಕೆ ಅನ್ನ, ಒಂದಕ್ಕೆ ಸಮಯ, ಒಂದಕ್ಕೆ ಸಂಗಾತಿ. ನಾಣ್ಯ ಗೊತ್ತಿಲ್ಲದೆ ಹಕ್ಕಿಯನ್ನು ದಡ್ಡ ಎನ್ನುವವನೇ ದಡ್ಡ ಎಂದು ಮಕ್ಕಳಿಗೆ ಎಷ್ಟೋ ವರ್ಷ ಹೇಳಿದ್ದೇನೆ. ಈ ಮೇಜಿನ ಬಗ್ಗೆ ಪುಸ್ತಕಗಳು “ದುರ್ಬಲ ಆಟ” ಎನ್ನುತ್ತವೆ. ಬಿಲ್ಲೆಯೇ ನಾಣ್ಯವಾದರೆ ಅದು ಸರಿ. ಬೆಳ್ಳಿಬಳೆಯವರು ಬಂದಿರುವುದು ತೆರೆದ ಎಲೆ ನೋಡಲು, ನಾಲ್ಕು ಗಂಟೆ ಬೆಳಕಿನಲ್ಲಿ ಕೂರಲು. ಅರವತ್ತು ಡಾಲರಿಗೆ ಅವರಿಗೆ ಅದು ಪ್ರತಿ ಸಲವೂ ಖಾತ್ರಿಯಾಗಿ ಸಿಗುತ್ತದೆ. ಅವರ ಬಿಲ್ಲೆ ಕರಗುತ್ತಿದ್ದರೂ ಅವರಿಗೆ ಚಳಿಯಿಲ್ಲ. ಚಳಿಯಿಲ್ಲದವರನ್ನು ನಾನು ಹೆದರಿಸಲು ಹೊರಟಿದ್ದೆ.

ರಾತ್ರಿ ಹನ್ನೊಂದು. ಅದೇ ಕ್ರಮದಲ್ಲಿ ಮತ್ತೆ ಎರಡು ಸಲ ದ್ವಿಗುಣವಾಗಿ, ಸುಂಕ ಕಟ್ಟಿ, 30,000ಕ್ಕೆ ಇಳಿದಿದ್ದೆ. ಉಳಿದವರು ಐವರು, ಹಣ ನಾಲ್ವರಿಗೆ. ಬ್ಲೈಂಡು 2,000, 4,000, ಆಂಟಿ 4,000. ಎಂ ಮೂರು. ಇಂಥ ಹೊತ್ತಿನಲ್ಲಿ ಗೆದ್ದ ಬಿಲ್ಲೆಗಿಂತ ಕಳೆದ ಬಿಲ್ಲೆಯ ತೂಕ ಹೆಚ್ಚು, ಇನ್ನೊಬ್ಬರು ಮೊದಲು ಏಳಲಿ ಎಂದು ಕಾಯುವುದೂ ಒಂದು ವಿದ್ಯೆ. ಕಾಫಿಲೋಟದ ರಾಶಿ ನನಗಿಂತ ಸಣ್ಣದು. ಆದರೆ ಅವರು ಈಗಷ್ಟೇ ಬ್ಲೈಂಡು ದಾಟಿದ್ದರು, ಇನ್ನು ಅವರಿಗಿಂತ ಮೊದಲು ಬ್ಲೈಂಡು ನನ್ನ ಮೇಲೆ. ಕೈಯಲ್ಲಿ ಎಕ್ಕ-ರಾಣಿ. ಬೆಳ್ಳಿಬಳೆ ಎಂದಿನಂತೆ ಸುಮ್ಮನೆ ಸೇರಿಕೊಂಡಿದ್ದರು.

ತಳ್ಳಿದೆ. ಅವರು ನಗುತ್ತ ಕಾಲ್ ಮಾಡಿದರು. ರಾಣಿ-ಒಂಬತ್ತು. ಸುಮಾರಾಗಿ ನಾಲ್ಕು ಸಲ ಆಡಿದರೆ ಮೂರು ಸಲ ನಾನು ಗೆಲ್ಲುವ ಜಾಗ. ಕೊನೆಯ ಎಲೆ ಆಟೀನ್ ಒಂಬತ್ತು.

ಐದನೆಯವನಾಗಿ ಎದ್ದೆ. ಕೌಂಟರಿನವರು ನಾಳೆಯ ಪಂದ್ಯಕ್ಕೆ ಹೆಸರು ಬರೆಸಿ ಎಂದರು. ಮೂರು ಸಂಜೆಗೆಂದು ಎತ್ತಿಟ್ಟ ಹಣ ಮುಗಿದಿತ್ತು, ಅಲ್ಲಿಗೆ ನಿಲ್ಲಿಸಿದೆ. ಮತ್ತೆ ಹಣ ಕಟ್ಟಿ ಒಳಬರುವ ಕೌಂಟರು ಮನುಷ್ಯನಿಗಿದೆ. ಹಕ್ಕಿಗೆ ಇಲ್ಲ. ನನ್ನ ಹೋಲಿಕೆಯೆಲ್ಲ ಈ ಒಂದು ಕಡೆ ಬಿರುಕು ಬಿಡುತ್ತದೆ ಎಂಬುದನ್ನೂ ಟಿಪ್ಪಣಿಯಲ್ಲಿ ಬರೆದಿದ್ದೇನೆ.

ಬೆಳಿಗ್ಗೆ

ರಾತ್ರಿ ಹಿಮ ಬಿದ್ದಿದೆ. ಕಿಟಕಿಯಾಚೆಯ ಥರ್ಮಾಮೀಟರು ಇಲ್ಲಿನವರ ಲೆಕ್ಕದಲ್ಲಿ 16 ತೋರಿಸುತ್ತಿದೆ. ನಮ್ಮ ಲೆಕ್ಕಕ್ಕೆ ಸೊನ್ನೆಗಿಂತ 9 ಡಿಗ್ರಿ ಕೆಳಗೆ. ಪೊದೆಯ ಬುಡದ ಒಣನೆಲವೂ ಈ ಸಲ ಮುಚ್ಚಿಹೋಗಿದೆ. ಆರು ಜಂಕೋ ಕೊಂಬೆಯೊಳಗೆ ಪುಕ್ಕ ಉಬ್ಬಿಸಿ ಕೂತಿವೆ, ಒಂದೊಂದೂ ನಿಂಬೆಹಣ್ಣಿನಂತೆ ಉರುಟು. ಜಗಲಿಯ ಕಾಳಿನ ಮೇಲಿನ ಹಿಮವನ್ನು ನಾನೇ ಆಗ ಗುಡಿಸಿ ಬಂದಿದ್ದೆ.

ಬೇಲಿಯ ಮೇಲೆ ಗಿಡುಗ ಇದೆಯೇ ಎಂದು ದುರ್ಬೀನಿನಲ್ಲಿ ನೋಡಿದೆ. ಕಾಣಲಿಲ್ಲ. ಕಾಣದಿದ್ದರೆ ಇಲ್ಲವೆಂದಲ್ಲ, ಅದು ಜಂಕೋಗೂ ಗೊತ್ತು.

“ಅಪ್ಪ, ನಿನ್ನೆ ಏನಾಯ್ತು? ಗೆದ್ಯಾ, ಸೋತ್ಯಾ?” ಮಗಳು ಹಿಂದಿನಿಂದ ಕೇಳಿದಳು.

ಕೈಯೆತ್ತಿ ತಡೆದೆ. ಪೊದೆಯ ಅಂಚಿನಲ್ಲಿ ಒಂದು ಹಕ್ಕಿ ಎರಡು ಸಲ ಕುಪ್ಪಳಿಸಿತು, ತಲೆ ಓರೆ ಮಾಡಿ ಆಕಾಶ ನೋಡಿತು, ಮತ್ತೆ ಒಂದು ಕುಪ್ಪಳ. ಆಮೇಲೆ ಬಿಳಿಗರಿ ತೆರೆದು ಆರೇಳು ಮಾರು ಬಯಲನ್ನು ಒಂದೇ ಉಸಿರಿಗೆ ದಾಟಿ ಜಗಲಿಯ ಮೇಲೆ ಇಳಿದು ಬರಗಿಗೆ ಕೊಕ್ಕು ಹಾಕಿತು.

7.40. ಮೈನಸ್ 9. ಬಯಲಿನಲ್ಲಿ ಒಂದು.